ಬಿಟ್ಟುಕೊಡುವವರ ಪರವಾಗಿ

ಪ್ರಾಣಿಗಳ ಶೆಲ್ಟರಿನ ಗೇಟಿಗೆ ಎರಡು ಬಗೆಯ ಜನ ಬರುತ್ತಾರೆ. ನಾಯಿಯನ್ನೋ ಬೆಕ್ಕನ್ನೋ ದತ್ತು ಪಡೆದು ಮನೆಗೆ ಕರೆದೊಯ್ಯುವವರು ಒಂದು ಕಡೆ. ತಾವೇ ಸಾಕಿದ್ದನ್ನು ಒಪ್ಪಿಸಿ ಹೋಗುವವರು ಇನ್ನೊಂದು ಕಡೆ. ಮೊದಲಿನವರಿಗೆ ನಗುಮುಖದ ಸ್ವಾಗತ, ಮರಿಯನ್ನು ಎತ್ತಿಕೊಂಡು ಒಂದು ಫೋಟೊ. ಎರಡನೆಯವರನ್ನು ನೋಡಿದರೆ ಎಲ್ಲರ ಮುಖ ಬಿಗಿಯುತ್ತದೆ. 'ಹೆತ್ತ ಮಕ್ಕಳನ್ನಾದರೆ ಹೀಗೆ ಬಿಟ್ಟು ಹೋಗ್ತಿದ್ರಾ?' ಎಂಬ ಪ್ರಶ್ನೆಯನ್ನು ಯಾರಾದರೊಬ್ಬರು ಕೇಳಿಯೇ ತೀರುತ್ತಾರೆ. ಕೇಳುವವರ ಸಂಕಟ ಸುಳ್ಳಲ್ಲ. ದಿನವೂ ಕೆನೆಲ್ ತೊಳೆದು, ಅನ್ನ ಬಿಡುವ ನಾಯಿಗಳಿಗೆ ಕೈತುತ್ತು ತಿನ್ನಿಸುವವರಿಗೆ ಸಿಟ್ಟು ಬಾರದೆ ಇರುವುದಾದರೂ ಹೇಗೆ? ಆದರೂ ಆ ಸಿಟ್ಟು ತಪ್ಪು ಗಳಿಗೆಯಲ್ಲಿ, ತಪ್ಪು ಮನುಷ್ಯರ ಮೇಲೆ ಬೀಳುತ್ತಿದೆ ಎಂದೇ ನನಗನ್ನಿಸುತ್ತದೆ. ಬಿಟ್ಟುಕೊಡುವ ದಿನ ಕಾಣಿಸಿಕೊಳ್ಳುವ ತಪ್ಪು ಬಹಳ ಸಲ ನಡೆದಿರುವುದು ತಂದುಕೊಂಡ ದಿನ. ತಂದಮೇಲೆ ಸಾಕಲಾರದೆ ಹೋದವರು, ಮುಖ ತೋರಿಸಿ, ಸಹಿ ಹಾಕಿ ಒಪ್ಪಿಸುವುದು ಇರುವ ದಾರಿಗಳಲ್ಲೆಲ್ಲ ಮರ್ಯಾದೆಯ ದಾರಿ.

ಈ ದಾರಿ ನಮ್ಮಲ್ಲಿ ಹಳೆಯದೇನಲ್ಲ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಬೆಕ್ಕು ಮರಿ ಹಾಕಿ ಸಂಖ್ಯೆ ಹೆಚ್ಚಾದರೆ, ಕಣ್ಣುಬಿಟ್ಟ ಮರಿಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ಮೀನು ಮಾರುಕಟ್ಟೆಯ ಹತ್ತಿರವೋ ಹೋಟೆಲಿನ ಹಿಂದೆಯೋ ಬಿಟ್ಟು ಬರುವುದು ನಡೆದುಬಂದ ಪದ್ಧತಿ. ನಾಯಿಮರಿಗಳಲ್ಲಿ ಗಂಡಿಗೆ ಮನೆ ಸಿಗುತ್ತದೆ. ಹೆಣ್ಣಾದರೆ ನಾಳೆ ಅದೂ ಮರಿ ಹಾಕುತ್ತದೆಂದು ಹಾಲು ಬಿಡುವ ಮೊದಲೇ ರಸ್ತೆ ಬದಿಗೆ. ಮಂಗಳೂರಿನ ಕಡೆಯ ದತ್ತು ಶಿಬಿರಗಳಲ್ಲಿ ಬುಟ್ಟಿಯೊಳಗೆ ಹೆಣ್ಣುಮರಿಗಳೇ ತುಂಬಿಕೊಂಡಿರುವುದಕ್ಕೆ ಕಾರಣ ಇದೇ. ಒಂದು ಸಂತಾನಹರಣ ಚಿಕಿತ್ಸೆಯಿಂದ ಮುಗಿಯುವ ಸಮಸ್ಯೆಯನ್ನು ತಲೆಮಾರುಗಳಿಂದ ಗೋಣಿಚೀಲದಲ್ಲಿ ಹೊತ್ತು ಹಾಕುತ್ತ ಬಂದಿದ್ದೇವೆ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಬ್ರಿಟಿಷ್ ಮಹಿಳೆ 1991ರಲ್ಲಿ 'ಕ್ಯೂಪಾ' ಎಂಬ ಪ್ರಾಣಿ ರಕ್ಷಣೆಯ ಸಂಸ್ಥೆಯನ್ನು ಕಟ್ಟಿದರು. ಅದಕ್ಕೆ ಮೊದಲು ಅವರು ದೆಹಲಿ, ಜೈಪುರಗಳಲ್ಲಿ ಇಂಥದೇ ಕೆಲಸ ಮಾಡಿ ಬಂದಿದ್ದವರು. ಇಂದು ಆ ಸಂಸ್ಥೆ ಜಾತಿ ನಾಯಿಗಳಿಗೆಂದೇ 'ಸೆಕೆಂಡ್ ಚಾನ್ಸ್' ಎಂಬ ಪ್ರತ್ಯೇಕ ದತ್ತು ಕೇಂದ್ರವನ್ನು ನಡೆಸುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಕೊಂಡ ನಾಯಿಗಳಿಗೂ ಇಂಥದೊಂದು ಆಸರೆ ಬೇಕಾಗಿ ಬಂತಲ್ಲ, ಈ ಸಂಗತಿಯನ್ನು ನಾವು ಸುಮ್ಮನೆ ದಾಟಿ ಹೋಗಬಾರದು.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನ ಪ್ರಕಾರ, ತಕ್ಕ ಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವ ಸ್ಥಿತಿಗೆ ಬಿಟ್ಟು ಹೋಗುವುದು ಅಪರಾಧ. ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಅರವತ್ತು ವರ್ಷ ಕಳೆದರೂ ಆ ಮೊತ್ತ ಅಲ್ಲೇ ನಿಂತಿದೆ. ಐವತ್ತು ರೂಪಾಯಿಗೆ ಹೆದರಿ ಯಾರೂ ನಾಯಿಯನ್ನು ಸಾಕುವುದಿಲ್ಲ. ಹಾಗಾಗಿ ಜನರನ್ನು ತಡೆಯುವುದು ಕಾನೂನಲ್ಲ, ನಾಲ್ಕು ಜನ ಏನಂದಾರು ಎಂಬ ಅಳುಕು. ಈ ಅಳುಕಿಗೆ ಒಂದು ವಿಚಿತ್ರ ಗುಣವಿದೆ. ರಾತ್ರಿ ಹನ್ನೊಂದರ ಮೇಲೆ ಹೊರವರ್ತುಲ ರಸ್ತೆಯಲ್ಲಿ ಕಾರಿನ ಬಾಗಿಲು ತೆರೆದು ನಾಯಿಯನ್ನು ಇಳಿಸಿ ಹೋಗುವವನನ್ನು ಅದು ಮುಟ್ಟುವುದೇ ಇಲ್ಲ, ಅವನನ್ನು ಯಾರೂ ನೋಡಿರುವುದಿಲ್ಲ. ಹಗಲು ಹೊತ್ತಿನಲ್ಲಿ ಲಸಿಕೆಯ ಪುಸ್ತಕ ಹಿಡಿದು ಶೆಲ್ಟರಿಗೆ ಬಂದವನು ಮಾತ್ರ ಅದರ ಕೈಗೆ ಸಿಗುತ್ತಾನೆ. ಹೀಗೆ ಬಂದವನಿಗೆ ಆಗುವ ಅವಮಾನವನ್ನು ಕಂಡವರು, ಕೇಳಿದವರು ಮುಂದೆ ತಮಗೆ ಕಷ್ಟ ಬಂದಾಗ ಯಾವ ದಾರಿ ಹಿಡಿಯುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬಿಟ್ಟುಕೊಡುವವರೆಲ್ಲ ಕಲ್ಲೆದೆಯವರೇ? ಅಮೆರಿಕದಲ್ಲಿ 12 ಶೆಲ್ಟರುಗಳಿಗೆ ಬಂದವರನ್ನು ವಿಚಾರಿಸಿ ನಡೆಸಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ನಾಯಿಗಳನ್ನು ಒಪ್ಪಿಸಲು ಜನ ಕೊಟ್ಟ ಕಾರಣಗಳಲ್ಲಿ ಮನೆ ಬದಲಾವಣೆ, ಮನೆ ಮಾಲೀಕರ ತಕರಾರು ಮೇಲಿನ ಸಾಲಿನಲ್ಲೇ ಇದ್ದವು. ಬೆಂಗಳೂರಿನವರಿಗೆ ಇದು ಹೊಸ ವಿಷಯವೇ ಅಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಮನೆ ಹಿಡಿದವರಿಗೆ, ಅಗ್ರಿಮೆಂಟ್ ನವೀಕರಿಸುವಾಗ 'ನಾಯಿ ಇದ್ದರೆ ಮನೆ ಖಾಲಿ ಮಾಡಿ' ಎಂದರೆ ಒಂದು ತಿಂಗಳೊಳಗೆ ಇನ್ನೊಂದು ಮನೆ ಎಲ್ಲಿಂದ ತರುವುದು? ಒಂಟಿಯಾಗಿದ್ದ ಅಜ್ಜಿ ತೀರಿಕೊಂಡು, ಅವರ ಒಂಬತ್ತು ವರ್ಷದ ಪೊಮೆರೇನಿಯನ್ ಊರಿಂದೂರಿಗೆ ನೆಂಟರ ಮನೆ ಸುತ್ತುತ್ತದೆ. ಕೋವಿಡ್ಡಿನ 2021ರ ಅಲೆಯಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆ ಸೇರಿ, ಬೀಗ ಹಾಕಿದ ಮನೆಯೊಳಗೆ ಬೆಕ್ಕು ಉಳಿದ ಪ್ರಸಂಗಗಳೂ ಇದ್ದವು.

ಇನ್ನು ಕೆಲವರನ್ನು ಇಲ್ಲಿಗೆ ತಂದು ನಿಲ್ಲಿಸುವುದು ತಪ್ಪು ತಿಳಿವಳಿಕೆ. 2020ರ ಮಾರ್ಚಿನಲ್ಲಿ ಸಾಕುಪ್ರಾಣಿಗಳಿಂದ ಕೊರೊನಾ ಹರಡುತ್ತದೆಂಬ ಗಾಳಿಸುದ್ದಿ ಎದ್ದು, ನಾಯಿ ಬೆಕ್ಕುಗಳನ್ನು ಬೀದಿಗೆ ಬಿಡಬೇಡಿ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೇ ಹೇಳಬೇಕಾಯಿತು. ಮನೆಯ ಸೊಸೆ ಗರ್ಭಿಣಿಯಾದಳೆಂದು ಬೆಕ್ಕನ್ನು ತಂದೊಪ್ಪಿಸುವುದು ಇವತ್ತಿಗೂ ನಿಂತಿಲ್ಲ. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಎಂಬ ಸೋಂಕು ಹರಡಬಹುದೆಂಬುದು ನಿಜ. ಆದರೆ ಮಲ ಬಿದ್ದ ತಕ್ಷಣ ಅದು ಸೋಂಕುವುದಿಲ್ಲ. ಒಂದರಿಂದ ಐದು ದಿನ ಹಿಡಿಯುತ್ತದೆ. ದಿನವೂ ತಪ್ಪದೆ ಬೆಕ್ಕಿನ ಮಲದ ತಟ್ಟೆಯನ್ನು ಮನೆಯ ಬೇರೊಬ್ಬರು ಸ್ವಚ್ಛ ಮಾಡಿದರೆ, ಮಾಂಸವನ್ನು ಚೆನ್ನಾಗಿ ಬೇಯಿಸಿ ತಿಂದರೆ, ಮಣ್ಣು ಮುಟ್ಟಿದ ಕೈ ತೊಳೆದರೆ, ಬೆಕ್ಕು ಮನೆಯಲ್ಲೇ ಇರಬಹುದು. ಅಪಾರ್ಟ್‌ಮೆಂಟಿನ ಸಂಘದವರು ನಾಯಿ ಸಾಕಬಾರದೆಂದು ನೋಟಿಸು ಅಂಟಿಸಿದರೆಂದು ಹೆದರಿ ಬರುವವರಿದ್ದಾರೆ. ಹಾಗೆ ನಿಷೇಧಿಸಲು ಸಂಘಗಳಿಗೆ ಅಧಿಕಾರವಿಲ್ಲವೆಂದು ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಇಂಥವರೊಂದಿಗೆ ಅರ್ಧ ಗಂಟೆ ಕೂತು ಮಾತಾಡಿದರೆ ಬಂದ ಪ್ರಾಣಿ ಬಂದ ದಾರಿಯಲ್ಲೇ ಮನೆಗೆ ಮರಳುತ್ತದೆ. ಬಾಗಿಲಲ್ಲೇ ಬೈಸಿಕೊಂಡವರು ಮಾತಿಗೆ ಕೂರುವುದಿಲ್ಲ.

ಬಿಟ್ಟುಕೊಡುವುದು ಪ್ರಾಣಿಗೆ ಏನೂ ಆಗದ ವ್ಯವಹಾರವೆಂದು ನಾನು ಹೇಳುತ್ತಿಲ್ಲ. ಒಂದು ಶೆಲ್ಟರಿನಲ್ಲಿ ಕಂಡ ಲ್ಯಾಬ್ರಡಾರ್ ಒಂದರ ಸಂಗತಿ ಹೇಳುತ್ತೇನೆ. ಕುಟುಂಬ ವಿದೇಶಕ್ಕೆ ಹೊರಟಿತ್ತು. ನಾಯಿಯ ಜೊತೆ ಅದರ ಸ್ಟೀಲ್ ಬೋಗುಣಿ, ಹಳೆಯ ಕಂಬಳಿ, ಅರ್ಧ ಕಚ್ಚಿದ ಟೆನಿಸ್ ಚೆಂಡು ಎಲ್ಲವನ್ನೂ ತಂದಿದ್ದರು. ಮಗಳು ಕಾರಿನಿಂದ ಇಳಿಯಲೇ ಇಲ್ಲ. ಅಪ್ಪ ಫಾರ್ಮ್ ತುಂಬುವಾಗ 'ಗುಡುಗಿಗೆ ಹೆದರುತ್ತೆ, ಆಗ ಪಕ್ಕದಲ್ಲಿ ಯಾರಾದರೂ ಕೂತರೆ ಸಾಕು' ಎಂದು ಅಂಚಿನಲ್ಲಿ ಬರೆದರು. ಕಾರು ಹೋದಮೇಲೆ ನಾಯಿ ಗೇಟಿನ ಕಡೆ ಮುಖ ಮಾಡಿ ಮಲಗಿತು. ಆ ದಿನ ಊಟ ಮುಟ್ಟಲಿಲ್ಲ. ಮಾರನೆಯ ದಿನ ನೀರು ಮಾತ್ರ ಕುಡಿಯಿತು. ಮೂರನೆಯ ದಿನ, ಅಲ್ಲಿ ಕೆಲಸ ಮಾಡುವ ಹೆಂಗಸು ಮೊಸರನ್ನ ಕಲಸಿ ಅದೇ ಬೋಗುಣಿಯಲ್ಲಿಟ್ಟು ಪಕ್ಕದಲ್ಲಿ ಕೂತಾಗ ತಿಂದಿತು. ಆ ಅಂಚಿನ ಸಾಲು ಮುಂದೆ ಅದನ್ನು ದತ್ತು ಪಡೆದ ಮನೆಯವರ ಕೈ ಸೇರಿತು. ನಾಯಿಯ ದುಃಖ ಕಣ್ಣಾರೆ ಕಂಡಮೇಲೂ, ಆ ಅಪ್ಪನನ್ನು ಕೆಟ್ಟವನೆನ್ನಲು ನನಗೆ ಬಾಯಿ ಬರುವುದಿಲ್ಲ. ಅವರು ಕೊಟ್ಟ ಕಂಬಳಿ, ಬೋಗುಣಿ, ಒಂದು ಸಾಲು ಮಾಹಿತಿ ಇವೆಲ್ಲ ಬೀದಿಗೆ ಬಿಟ್ಟ ನಾಯಿಗೆ ಎಂದೂ ದಕ್ಕದ ಭಾಗ್ಯ.

ಹಾಗಾದರೆ ಸಿಟ್ಟು ಎಲ್ಲಿ ಸಲ್ಲಬೇಕು? ತಂದುಕೊಳ್ಳುವ ಗಳಿಗೆಗೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡಿದ ಪಗ್ ದೇಶದ ಮನೆಮನೆಗೆ ಬೇಕಾಯಿತು. ಚಪ್ಪಟೆ ಮೂತಿಯ ಆ ತಳಿ ನಮ್ಮ ಬೇಸಿಗೆಯಲ್ಲಿ ಉಸಿರಿಗೆ ಪರದಾಡುತ್ತದೆಂದು ಜಾಹೀರಾತು ಹೇಳಲಿಲ್ಲ. ಆಮೇಲೆ ಹಸ್ಕಿ ಬಂತು. ಸೈಬೀರಿಯದ ಹಿಮದಲ್ಲಿ ಬಂಡಿ ಎಳೆಯಲು ಹುಟ್ಟಿದ ನಾಯಿಯನ್ನು ಎರಡು ಕೋಣೆಯ ಫ್ಲಾಟಿನಲ್ಲಿ ಇಟ್ಟುಕೊಂಡು, ಅದು ಊಳಿಡುತ್ತದೆ, ಸೋಫಾ ಹರಿಯುತ್ತದೆ ಎಂದು ದೂರುವವರಿದ್ದಾರೆ. 2022ರಲ್ಲಿ '777 ಚಾರ್ಲಿ' ಬಿಡುಗಡೆಯಾಯಿತು. ಅಕ್ರಮ ತಳಿ ಸಾಕಣೆಯ ಕ್ರೌರ್ಯವನ್ನು ಕನ್ನಡದ ಜನಪ್ರಿಯ ಚಿತ್ರವೊಂದು ಅಷ್ಟು ನೇರವಾಗಿ ತೋರಿಸಿದ್ದು ದೊಡ್ಡ ಕೆಲಸವೇ. ಅದನ್ನು ನೋಡಿ ಕಣ್ಣೀರು ಹಾಕಿದವರು ಮಾರನೆಯ ದಿನ ಲ್ಯಾಬ್ರಡಾರ್ ಮರಿಯ ಬೆಲೆ ವಿಚಾರಿಸಿದರೆ ಆ ಚಿತ್ರಕ್ಕೆ ಅನ್ಯಾಯ ಮಾಡಿದಂತೆ. 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ತಳಿ ಸಾಕುವವರು ನೋಂದಾಯಿಸಿಕೊಳ್ಳಲೇಬೇಕು. ತಾಯಿಯಿಂದ ಬೇಗ ಬಿಡಿಸಿದ ಮರಿ ಕಚ್ಚುವುದರ ಹದ ಕಲಿಯದೆ ಬೆಳೆಯುತ್ತದೆ. ಒಂದು ವರ್ಷದ ಬಳಿಕ 'ಮಗುವನ್ನು ಕಚ್ಚುತ್ತೆ' ಎಂದು ಶೆಲ್ಟರಿಗೆ ಬರುವ ಎಷ್ಟೋ ನಾಯಿಗಳ ಕಥೆ ಶುರುವಾಗುವುದು ಅಲ್ಲಿಂದ. ಮಗನ ಹುಟ್ಟುಹಬ್ಬಕ್ಕೆ ಮರಿಯನ್ನು ಉಡುಗೊರೆ ಕೊಡುವವರು ಇನ್ನು ಹತ್ತು ಹನ್ನೆರಡು ಹುಟ್ಟುಹಬ್ಬಗಳ ಕಾಲ ಅದು ಬದುಕಿರುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದತ್ತು ಕೊಡುವವರದೂ ಹೊಣೆಯಿದೆ. ಶಿಬಿರದಲ್ಲಿ ಮರಿಯ ಕಣ್ಣು ನೋಡಿ ಕರಗಿ ಒಯ್ದವರು ವಾರದಲ್ಲೇ ವಾಪಸು ತರುವುದುಂಟು. ಶೆಲ್ಟರಿನವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕ ಹೇಳುತ್ತಾರೆ: ಮೂರು ದಿನ ಹೆದರಿಕೆ ಇಳಿಯಲು, ಮೂರು ವಾರ ಮನೆಯ ರೀತಿ ತಿಳಿಯಲು, ಮೂರು ತಿಂಗಳು ಇದು ನನ್ನದೇ ಮನೆ ಎನ್ನಿಸಲು. ಇದು ವಿಜ್ಞಾನದ ಸೂತ್ರವಲ್ಲ, ಅನುಭವದ ಅಂದಾಜು. ಒಯ್ಯುವ ಮುನ್ನವೇ ಇದನ್ನು ಹೇಳಿದರೆ ಮೊದಲ ರಾತ್ರಿಯ ಅಳುವಿಗೆ ಮನೆಯವರು ಗಾಬರಿಯಾಗುವುದಿಲ್ಲ. ಇನ್ನೊಂದು ಮಾತು ಹೇಳಲೇಬೇಕು. ನಮ್ಮ ನಗರದ ದತ್ತು ಫಾರ್ಮುಗಳು ಬಹಳಷ್ಟು ಇಂಗ್ಲಿಷಿನಲ್ಲಿವೆ. ಸ್ವಂತ ಮನೆಯೇ, ಕಾಂಪೌಂಡ್ ಇದೆಯೇ, ಸಂಬಳ ಎಷ್ಟು ಎಂದು ಕೇಳುತ್ತವೆ. ವಠಾರದ ಒಂದು ಕೋಣೆಯ ಮನೆಯಲ್ಲಿ, ಗಾರೆ ಕೆಲಸದವರ ಶೆಡ್ಡಿನ ಪಕ್ಕದಲ್ಲಿ, ತಾವು ಉಣ್ಣುವ ಮುದ್ದೆಯನ್ನೇ ಹಾಕಿ ನಾಯಿಯನ್ನು ಹದಿನಾಲ್ಕು ವರ್ಷ ಸಾಕಿದವರನ್ನು ನಾವೆಲ್ಲ ಕಂಡಿದ್ದೇವೆ. ಅವರನ್ನು ಬಾಗಿಲಲ್ಲೇ ತಡೆಯುವ ಫಾರ್ಮು ಒಳ್ಳೆಯ ಮನೆಗಳನ್ನೇ ಕಳೆದುಕೊಳ್ಳುತ್ತದೆ.

ಒಪ್ಪಿಸಲು ಬರುವವರಿಗೆ ಬಾಗಿಲು ಇಷ್ಟು ಸಲೀಸಾದರೆ ಊರಿನವರೆಲ್ಲ ನಾಯಿ ತಂದು ಸುರಿಯುತ್ತಾರೆ ಎಂಬ ಆಕ್ಷೇಪವಿದೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಅಮೆರಿಕದ ಎಷ್ಟೋ ಶೆಲ್ಟರುಗಳು ಜಾಗ ಸಾಲದಾದಾಗ ಪ್ರಾಣಿಗಳನ್ನು ಸಾಯಿಸುತ್ತವೆ. ನಮ್ಮಲ್ಲಿ ಆರೋಗ್ಯವಾಗಿರುವ ನಾಯಿಯನ್ನು ಜಾಗವಿಲ್ಲವೆಂದು ಕೊಲ್ಲುವಂತಿಲ್ಲ, ಅದು ಸರಿಯೂ ಹೌದು. ಆದರೆ ಮನೆ ಸಿಗದ ನಾಯಿ ಬದುಕಿರುವಷ್ಟು ಕಾಲ ಕೆನೆಲ್ಲಿನಲ್ಲೇ ಉಳಿಯುತ್ತದೆ. ಗಿಜಿಗುಟ್ಟುವ ಶೆಲ್ಟರಿಗೆ ಪಾರ್ವೊ ಎಂಬ ವೈರಸ್ ಹೊಕ್ಕರೆ ಲಸಿಕೆ ಮುಗಿಯದ ಮರಿಗಳು ಒಂದೊಂದಾಗಿ ಸಾಯುತ್ತವೆ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆದ್ದರಿಂದ ಬಂದದ್ದನ್ನೆಲ್ಲ ಬಂದ ಕೂಡಲೇ ತೆಗೆದುಕೊಳ್ಳಿ ಎಂದು ನಾನು ಹೇಳಲಾರೆ. ದಿನ ಗೊತ್ತುಮಾಡಿ ಕರೆಯಲಿ. ಹೊಸ ಮನೆ ಸಿಗುವವರೆಗೆ ಹಳೆಯ ಮನೆಯಲ್ಲೇ ಇಟ್ಟುಕೊಳ್ಳಲು ಕೇಳಲಿ. ನಾಯಿ ಕಾಯಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಶಕ್ತಿಯಿದ್ದವರಿಂದ ಒಂದಿಷ್ಟು ತಿಂಗಳ ಖರ್ಚನ್ನು ಪಡೆಯಲಿ. ಇವೆಲ್ಲ ಕಟ್ಟುಪಾಡುಗಳು, ಅವಮಾನಗಳಲ್ಲ.

ಈಗ ಈ ಮಾತು ಇನ್ನೂ ತುರ್ತಾಗಿದೆ. ಬೀದಿ ನಾಯಿಗಳನ್ನು ದತ್ತು ಪಡೆಯಬಯಸುವವರು ಪಾಲಿಕೆಗೆ ಅರ್ಜಿ ಕೊಡಬಹುದು, ಪಡೆದಮೇಲೆ ಅವು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿತು. ನ್ಯಾಯವಾದ ಷರತ್ತು. ಆದರೆ ಆ ಮನೆಯಲ್ಲಿ ಕಾಯಿಲೆಯೋ ಸಾವೋ ವರ್ಗಾವಣೆಯೋ ಬಂದರೆ ನಾಯಿ ಹೋಗುವುದೆಲ್ಲಿಗೆ? ವಾಪಸು ತರಲು ಒಂದು ಬಾಗಿಲಿಲ್ಲದಿದ್ದರೆ ದತ್ತು ಪಡೆಯಲು ಬರುವವರೂ ಹಿಂಜರಿಯುತ್ತಾರೆ. ಪಾಲಿಕೆಗಳು ದತ್ತಿನ ಅರ್ಜಿಯ ಜೊತೆಗೇ ವಾಪಸಾತಿಯ ಅರ್ಜಿಯನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಬೇಕು.

ನಿಮ್ಮ ಮನೆಯಲ್ಲೂ ಅಂಥ ಸಂದರ್ಭ ಬಂದರೆ ಕತ್ತಲಾಗುವುದನ್ನು ಕಾಯಬೇಡಿ. ಮೊದಲು ನೆಂಟರು, ಸ್ನೇಹಿತರನ್ನು ಕೇಳಿ. ಆಗದಿದ್ದರೆ ಶೆಲ್ಟರಿಗೆ ಫೋನ್ ಮಾಡಿ, ಅವರು ಹೇಳಿದ ದಿನ ಹೋಗಿ. ಲಸಿಕೆಯ ಪುಸ್ತಕ, ಅದು ಮಲಗುವ ಕಂಬಳಿ, ಉಣ್ಣುವ ಬೋಗುಣಿ ಒಯ್ಯಿರಿ. ಅದರ ಹೆಸರು, ಹೆದರಿಕೆ, ಕಾಯಿಲೆ ಎಲ್ಲವನ್ನೂ ಬರೆದುಕೊಡಿ. ಯಾರನ್ನಾದರೂ ಕಚ್ಚಿದ್ದರೆ ಕಚ್ಚಿದೆ ಎಂದೇ ಬರೆಯಿರಿ. ಮುಂದೆ ಅದನ್ನು ಸಾಕುವ ಮನೆಯಲ್ಲೂ ಮಕ್ಕಳಿರಬಹುದು.