ಅವರ ಸೊನ್ನೆ, ನಮ್ಮ ಸೊನ್ನೆ

ಒಂದು ಸೊನ್ನೆಗೆ ಎಷ್ಟು ಬೆಲೆ? ನಮ್ಮ ಕಾಕಾನ ಲೆಕ್ಕದಲ್ಲಿ 20,000 ರೂಪಾಯಿ. ಅದೇ ಸೊನ್ನೆ ಕಂಪನಿಯದಾದರೆ? ಬಿಟ್ಟಿ. ಈ ಲೇಖನ ಇಷ್ಟೇ. ಟೈಮ್ ಇದ್ದವರು ಮುಂದೆ ಓದಿ.

ಕಾಕಾ ಇರೋದು ಅಬಲೂರಿನಲ್ಲಿ. ಹಾವೇರಿ ಜಿಲ್ಲೆ, ಹಿರೇಕೆರೂರು ತಾಲ್ಲೂಕು. ಗೋವಿನಜೋಳ, ಹತ್ತಿ ಬೆಳೀತಾರೆ. ಬಾಡಿಗೆ ಗಾಡಿಗೆ ಕೊಟ್ಟೂ ಕೊಟ್ಟೂ ಬೇಸತ್ತು, ಸ್ವಂತಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಗೂಡ್ಸ್ ಗಾಡಿ ಬೇಕು ಅಂದರು. ಬೆಂಗಳೂರಿನಲ್ಲಿ ಕೂತ ನಾನು ಎಂದಿನಂತೆ ಬುದ್ಧಿವಂತಿಕೆ ತೋರಿಸಿದೆ. ಕಂತು ಕಟ್ಟದ್ದಕ್ಕೆ ಫೈನಾನ್ಸಿನವರು ಸೀಜ್ ಮಾಡಿದ ಗಾಡಿಗಳನ್ನು ಆನ್‌ಲೈನ್‌ನಲ್ಲಿ ಹರಾಜು ಹಾಕುವ ಒಂದು ಆ್ಯಪ್ ಇಳಿಸಿಕೊಟ್ಟು, 20,000 ಠೇವಣಿ ಕಟ್ಟಿಸಿದೆ.

ಹರಾಜಿನ ದಿನ ಮೊಬೈಲ್ ಹಿಡಿದವನು ಕಾಕಾನ ಮಗ. ಬಿಡ್ 1,80,000ಕ್ಕೆ ನಿಂತಿತ್ತು. ಅವನು 1,85,000 ಹೊಡೆಯಲು ಹೋಗಿ 18,50,000 ಹೊಡೆದ. ಹೊಸ ಗಾಡಿ ಶೋರೂಮಿನಿಂದ ತಂದರೂ ಅಷ್ಟಾಗಲ್ಲ. ಹರಾಜು ಮುಗಿಯಲು ಇನ್ನೂ ಅರ್ಧ ನಿಮಿಷ ಇತ್ತು. ತಪ್ಪಾಗಿದ್ದು ಅವನಿಗೆ ತಕ್ಷಣ ಕಂಡಿತು. ಹಿಂದೆ ತಗೊಳ್ಳೋಣ ಅಂದರೆ ಬಟನ್ನೇ ಇಲ್ಲ. ಅರ್ಧ ನಿಮಿಷ ಆದಮೇಲೆ ಪಟಾಕಿ ಸಿಡಿಯುವ ಚಿತ್ರದ ಜೊತೆ 'ಅಭಿನಂದನೆಗಳು' ಅಂತ ಮೆಸೇಜ್ ಬಂತು. ಫೋನ್ ಮಾಡಿದರೆ ಆ ಕಡೆಯಿಂದ ಜೇನಿನಂಥ ದನಿ: "ಸರ್, ಟರ್ಮ್ಸ್ ಅಂಡ್ ಕಂಡೀಷನ್ಸ್ ನೀವೇ ಆಕ್ಸೆಪ್ಟ್ ಮಾಡಿದ್ದೀರಲ್ಲ." ಠೇವಣಿ ಹೋಯಿತು. ಮುಂದಿನ ವಾರ ಅದೇ ಗಾಡಿ ಮತ್ತೆ ಹರಾಜಿಗೆ ಬಂತು, ಅದೇ ಫೋಟೋದೊಂದಿಗೆ.

ನಾಲ್ಕು ತಿಂಗಳು ಕಳೆದವು. ಅದೇ ಆ್ಯಪ್‌ನಲ್ಲಿ 'ಈಗಲೇ ಕೊಳ್ಳಿ' ಅನ್ನೋ ಪಟ್ಟಿಯಲ್ಲಿ ಅಂಥದ್ದೇ ಗಾಡಿ ಕಂಡಿತು. ಬೆಲೆ 21,500. ಅಕ್ಕಪಕ್ಕದವೆಲ್ಲ ಎರಡು ಲಕ್ಷದ ಆಸುಪಾಸು. ರಾತ್ರಿ ಹನ್ನೊಂದೂವರೆ. ನಾನು ಮೊದಲು ಸ್ಕ್ರೀನ್‌ಶಾಟ್ ತೆಗೆದೆ, ಆಮೇಲೆ ದುಡ್ಡು ಕಟ್ಟಿದೆ. ಕನ್ಫರ್ಮೇಶನ್ ಬಂತು. ಬೆಳಿಗ್ಗೆ ಇನ್ನೊಂದು ಮೆಸೇಜ್: 'ತಾಂತ್ರಿಕ ದೋಷದಿಂದ ನಿಮ್ಮ ಆರ್ಡರ್ ರದ್ದಾಗಿದೆ. ಹಣ ಏಳು ದಿನದೊಳಗೆ ಮರಳುತ್ತದೆ.'

ನನ್ನ ಪಿತ್ತ ನೆತ್ತಿಗೇರಿತು. ಗ್ರಾಹಕರ ಆಯೋಗಕ್ಕೆ ಹೋಗ್ತೀನಿ, ಗಾಡಿ ಅದೇ ರೇಟಿಗೆ ಕೊಡಿಸ್ತೀನಿ ಅಂತ ಕಾಕಾನಿಗೆ ಫೋನ್‌ನಲ್ಲಿ ಅರ್ಧ ಗಂಟೆ ಭಾಷಣ ಮಾಡಿದೆ. ಅವರು ಪೂರ್ತಿ ಕೇಳಿ, ಒಂದೇ ಒಂದು ಪ್ರಶ್ನೆ ಹಾಕಿದರು.

"ನಿನಗ ಅದು ತಪ್ಪು ರೇಟ್ ಅಂತ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತು ಕಾಕಾ."

"ಮತ್ಯಾಕ ಒತ್ತಿದಿ?"

ಉತ್ತರ ಇರಲಿಲ್ಲ. ಈಗಲೂ ಇಲ್ಲ. ಮೊದಲು ಸ್ಕ್ರೀನ್‌ಶಾಟ್ ತೆಗೆದವನು 'ನಾನು ಮುಗ್ಧ ಗ್ರಾಹಕ' ಅಂತ ಯಾವ ಬಾಯಿಂದ ಹೇಳೋದು?

ಅದಕ್ಕೇ ಮೊದಲ ಏಟು ನನಗೂ ನನ್ನಂಥವರಿಗೂ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇಂಥ ತಪ್ಪು ರೇಟು ಕಂಡರೆ ಹಬ್ಬ. 'ಬೇಗ ಬೇಗ, ಅವರು ಸರಿ ಮಾಡೋಕೆ ಮುಂಚೆ' ಅಂತ ಲಿಂಕ್ ಹಾಕ್ತೀವಿ. ಆ ಒಂದು ವಾಕ್ಯದಲ್ಲೇ ತಪ್ಪೊಪ್ಪಿಗೆ ಇದೆ, ನೋಡಿ. ಸಿಂಗಪುರದಲ್ಲಿ 2003ರ ಜನವರಿಯಲ್ಲಿ ಹೀಗೇ ಆಯಿತು. 3,854 ಡಾಲರಿನ ಲೇಸರ್ ಪ್ರಿಂಟರ್ ವೆಬ್‌ಸೈಟಿನಲ್ಲಿ 66 ಡಾಲರ್ ಅಂತ ಬಿತ್ತು. ಆರು ಜನ ಸೇರಿ ರಾತ್ರೋರಾತ್ರಿ 1,606 ಪ್ರಿಂಟರ್ ಆರ್ಡರ್ ಮಾಡಿದರು. ಕಂಪನಿ ಕೊಡಲ್ಲ ಅಂದಾಗ ಕೋರ್ಟಿಗೂ ಹೋದರು. ಸೋತರು. ಎದುರಿನವನ ತಪ್ಪು ಗೊತ್ತಿದ್ದೂ ಬಾಚಿಕೊಳ್ಳಲು ಹೋದರೆ ಅದು ಒಪ್ಪಂದವೇ ಅಲ್ಲ ಅಂತ 2004ರಲ್ಲಿ ತೀರ್ಪಾಯಿತು, 2005ರಲ್ಲಿ ಮೇಲ್ಮನವಿಯಲ್ಲೂ ನಿಂತಿತು. ಲಂಡನ್ನಿನಲ್ಲಿ 1939ರಲ್ಲೇ ಮೊಲದ ಚರ್ಮದ ವ್ಯಾಪಾರದಲ್ಲಿ ಇದೇ ತೀರ್ಮಾನ ಬಂದಿತ್ತು. ಅಲ್ಲಿ ಒಂದು ಚರ್ಮಕ್ಕೆ ಇಷ್ಟು ಅನ್ನೋ ಬದಲು ಒಂದು ಪೌಂಡ್ ತೂಕಕ್ಕೆ ಇಷ್ಟು ಅಂತ ತಪ್ಪಿ ಬರೆದಿದ್ದರು. ಆ ದಂಧೆಯಲ್ಲಿದ್ದ ಕೊಳ್ಳುವವನಿಗೆ ಅದು ತಿಳಿಯದೇ ಇರಲು ಸಾಧ್ಯವಿಲ್ಲ ಅಂದಿತು ಕೋರ್ಟು. ಆದ್ದರಿಂದ 21,500ರ ಗಾಡಿ ನನಗೆ ಬೇಡ. ಆ ಬೇಡಿಕೆ ವಾಪಸ್ ತಗೊಂಡಿದ್ದೀನಿ.

ಹಾಗಂತ ಮಾರುವವರು 'ತಪ್ಪಾಯ್ತು' ಅಂದಾಗಲೆಲ್ಲ ತಲೆ ಆಡಿಸಬೇಕಾ? ಖಂಡಿತ ಇಲ್ಲ. ತಪ್ಪು ಬೇರೆ, ಹೊಟ್ಟೆಯುರಿ ಬೇರೆ. ಜರ್ಮನಿಯಲ್ಲಿ ಒಬ್ಬ ತನ್ನ ಪಾಸಾಟ್ ಕಾರನ್ನು ಇಬೇನಲ್ಲಿ 1 ಯೂರೋದಿಂದ ಹರಾಜಿಗಿಟ್ಟ. ಅಷ್ಟರಲ್ಲಿ ಹೊರಗೆ 4,200 ಯೂರೋ ಕೊಡುವ ಗಿರಾಕಿ ಸಿಕ್ಕ, ಹರಾಜನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟ. ಆ ಹೊತ್ತಿಗೆ ಬಿಡ್ ಮಾಡಿದ್ದವನ ಬೆಲೆ ಆ 1 ಯೂರೋ ಮಾತ್ರ. ಕೇಸು ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯದ ತನಕ ಹೋಗಿ, 2014ರ ನವೆಂಬರ್‌ನಲ್ಲಿ ಮಾರುವವನು 5,249 ಯೂರೋ ಪರಿಹಾರ ಕೊಡಲೇಬೇಕು ಅಂತಾಯಿತು. ಕಮ್ಮಿಗೆ ಸಿಗಬಹುದು ಅನ್ನೋ ಆಸೆಯೇ ಹರಾಜಿನ ಜೀವಾಳ. ಕಮ್ಮಿಗೆ ಕೊಡಲು ಮನಸ್ಸಿಲ್ಲದವನು ಕನಿಷ್ಠ ಬೆಲೆ ಇಡಬೇಕಿತ್ತು, ಇಡಲಿಲ್ಲ. ಅದು ಕೈತಪ್ಪಲ್ಲ, ಲೆಕ್ಕ ಹಾಕಿ ಆಡಿದ ಜೂಜು. ಸೋತಮೇಲೆ ಎಲೆ ಎಸೆದು ಏಳುವ ಹಾಗಿಲ್ಲ.

ಈ ವ್ಯತ್ಯಾಸವನ್ನು ನಮ್ಮೂರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಬಲೂರು ಅಂದಕೂಡಲೇ ಬೆಂಗಳೂರಿನವರು ಸರ್ವಜ್ಞ ಅಂತಾರೆ. ಊರಿನ ಸೋಮೇಶ್ವರ ಗುಡಿಯಲ್ಲಿ 1200ರ ಸುಮಾರಿನ ಒಂದು ಶಾಸನವೂ ಇದೆ. ಏಕಾಂತದ ರಾಮಯ್ಯನ ಪಂಥದ ಕಥೆ ಅದರಲ್ಲಿದೆ. ಎದುರಿನವರು ಪಣವನ್ನು ಓಲೆಯಲ್ಲಿ ಬರೆದುಕೊಟ್ಟರು, ಪಂಥ ಮುಗಿದ ಮೇಲೆ ಜಗಳವಾಯಿತು, ದೂರು ಬಿಜ್ಜಳನ ತನಕ ಹೋಯಿತು, ರಾಮಯ್ಯನಿಗೆ ಜಯಪತ್ರ ಸಿಕ್ಕಿತು ಅನ್ನುತ್ತದೆ ಶಾಸನ. ಅದು ಗೆದ್ದವರ ಕಡೆಯವರು ಕೆತ್ತಿಸಿದ್ದು, ಸೋತವರ ಮಾತು ಕಲ್ಲಿನ ಮೇಲಿಲ್ಲ. ಧರ್ಮದ ಜಗಳ ನನಗೆ ಬೇಡ. ನಾನು ನೋಡೋದು ಓಲೆಯನ್ನು ಮಾತ್ರ. ಏನು ಬರೀತಿದ್ದೀವಿ ಅಂತ ತಿಳಿದೇ ಬರೆದ ಮಾತು ಒಂದು, ಬೆರಳು ಜಾರಿ ಬಿದ್ದ ಸೊನ್ನೆ ಇನ್ನೊಂದು. ಮೊದಲನೆಯದಕ್ಕೆ ಬದ್ಧರಾಗಿರಬೇಕು. ಎರಡನೆಯದನ್ನು ತಿದ್ದಿಕೊಳ್ಳಲು ಬಿಡಬೇಕು.

ಆದರೆ ಇಬ್ಬರಿಗೂ ಬಿಡಬೇಕು! ನನ್ನ ಜಗಳ ಇರೋದು ಇಲ್ಲೇ.

ಕಾಕಾ ಅಂದಿದ್ದು ಹೀಗೆ: "ಅವರ ಸೊನ್ನಿ ಬಿಟ್ರ ಟೆಕ್ನಿಕಲ್ಲು. ನಮ್ಮ ಸೊನ್ನಿ ಹೆಚ್ಚಾದ್ರ ದಂಡ. ಇದ್ಯಾವ ಸೀಮಿ ನ್ಯಾಯ?"

ಕಂಪನಿಯ ವಕೀಲರು 1872ರ ಕರಾರು ಕಾಯ್ದೆಯ 22ನೇ ಕಲಂ ತೆಗೆದು ತೋರಿಸಬಹುದು. ಒಬ್ಬರ ಕಡೆಯಿಂದ ಮಾತ್ರ ತಪ್ಪಾಗಿದ್ದರೆ ಅಷ್ಟಕ್ಕೇ ಒಪ್ಪಂದ ರದ್ದು ಮಾಡುವ ಹಾಗಿಲ್ಲ ಅಂತ ಅದು ಹೇಳೋದು ನಿಜ. ಸರಿ ಸ್ವಾಮಿ, ಹಾಗಾದರೆ 21,500ಕ್ಕೆ ಗಾಡಿ ಕೊಡಿ. ಅದಕ್ಕಾಗಲ್ಲ, ಯಾಕಂದರೆ ನಿಮ್ಮದು ಯಾರಿಗೂ ಕಾಣುವಂಥ ತಪ್ಪು. ಅದೂ ಸರಿ, ಹಾಗಾದರೆ ಎರಡು ಲಕ್ಷದ ಹಳೇ ಗಾಡಿಗೆ 18,50,000 ಅಂದದ್ದು ಯಾರಿಗೂ ಕಾಣದ ತಪ್ಪಾ? ಹಿಂದಿನ ಬಿಡ್‌ಗಿಂತ ಹತ್ತು ಪಟ್ಟು! ಸಿಂಗಪುರದ ಆ ಆರು ಜನರಿಗೆ ಅನ್ವಯಿಸಿದ ನೀತಿ ನಿಮಗೆ ಯಾಕೆ ಅನ್ವಯಿಸಬಾರದು?

ಇನ್ನೊಂದು ಕಾಯ್ದೆ ಇದೆ. 1930ರ ಸರಕು ಮಾರಾಟ ಕಾಯ್ದೆ, 64ನೇ ಕಲಂ. ಹರಾಜುಗಾರ ಸುತ್ತಿಗೆ ಬಡಿದೋ ಬೇರೆ ರೂಢಿಯಂತೆಯೋ ಮಾರಾಟ ಮುಗಿಯಿತು ಅಂತ ಸಾರುವ ತನಕ ಬಿಡ್ ಮಾಡಿದ ಯಾರೇ ಆದರೂ ತನ್ನ ಬಿಡ್ ಹಿಂದಕ್ಕೆ ತಗೊಳ್ಳಬಹುದು ಅನ್ನುತ್ತದೆ. ಅಂದರೆ ಬ್ರಿಟಿಷರ ಕಾಲದಲ್ಲಿ ಪೇಟೆ ಹರಾಜಿನಲ್ಲಿ ಕೂಗಿದವನಿಗೆ ಇದ್ದ ಹಕ್ಕು, ಸ್ಮಾರ್ಟ್‌ಫೋನ್ ಹಿಡಿದ ನನ್ನ ತಮ್ಮನಿಗೆ ಆ ಅರ್ಧ ನಿಮಿಷದಲ್ಲಿ ಇರಲಿಲ್ಲ. ಷರತ್ತಿನ ಹದಿನಾಲ್ಕನೇ ಸಾಲಿನಲ್ಲಿ ಅದನ್ನು ಬರೆಸಿಕೊಂಡು ಕಿತ್ತುಕೊಂಡಿದ್ದಾರೆ. ಇದಕ್ಕೆ ನಾವು ಟೆಕ್ನಾಲಜಿ ಅಂತೀವಿ.

ದೊಡ್ಡವರಿಗೆ ಹೀಗಾದರೆ ಏನಾಗುತ್ತೆ? ಒಡಿಶಾದ ಗಣಿ ಹರಾಜಿನಲ್ಲಿ ಒಂದು ಕಂಪನಿ 104.10 ಪರ್ಸೆಂಟ್ ಅನ್ನೋ ಬದಲು 140.10 ಅಂತ ಟೈಪ್ ಮಾಡಿತ್ತು. ಹೈಕೋರ್ಟ್ ಒಪ್ಪಲಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಅದು ಕೈತಪ್ಪು ಅಂತ ಒಪ್ಪಿ, ದುಡ್ಡಿನ ದಂಡ ಹಾಕಿ, ಆ ಬಿಡ್‌ನಿಂದ ಪಾರು ಮಾಡಿತು. ಹಾಗಂತ ಕೋರ್ಟು ಯಾವಾಗಲೂ ಮೃದು ಅಂತಲ್ಲ. 2001ರಲ್ಲಿ ಪಶ್ಚಿಮ ಬಂಗಾಳದ ವಿದ್ಯುತ್ ಮಂಡಳಿಯ ಟೆಂಡರಿನಲ್ಲಿ ಕಂಪ್ಯೂಟರ್ ತಪ್ಪು ಅಂದ ಗುತ್ತಿಗೆದಾರರಿಗೆ ಅದೇ ಸುಪ್ರೀಂ ಕೋರ್ಟು ತಿದ್ದಲು ಅವಕಾಶ ಕೊಡಲಿಲ್ಲ. ಆದರೆ ಇಬ್ಬರಿಗೂ ದಿಲ್ಲಿಯ ತನಕ ಹೋಗಿ ವಾದ ಮಾಡುವ ತಾಕತ್ತಾದರೂ ಇತ್ತು. 20,000 ರೂಪಾಯಿಗೆ ಕಾಕಾ ಎಲ್ಲಿಗೆ ಹೋಗಬೇಕು? ಹಿರೇಕೆರೂರಿನಿಂದ ಹಾವೇರಿಗೆ ನಾಲ್ಕು ಸಲ ಓಡಾಡಿದರೆ ಬಸ್ಸಿನ ಖರ್ಚು, ಕೆಲಸ ಬಿಟ್ಟ ದಿನದ ಲುಕ್ಸಾನು ಯಾರ ತಲೆಗೆ? ಈ ಲೆಕ್ಕ ಷರತ್ತು ಬರೆದವರಿಗೆ ಚೆನ್ನಾಗಿ ಗೊತ್ತು.

'ಠೇವಣಿ ಇರೋದೇ ಶಿಸ್ತಿಗೆ. ಇಲ್ಲಾಂದ್ರೆ ಎಲ್ಲರೂ ಬಾಯಿಗೆ ಬಂದ ರೇಟು ಕೂಗಿ ಓಡಿಹೋಗ್ತಾರೆ' ಅನ್ನಬಹುದು. ಒಪ್ಪುವ ಮಾತೇ. ಆದರೆ ಎಷ್ಟು ನಷ್ಟವೋ ಅಷ್ಟೇ ಶಿಸ್ತು ಇರಲಿ. ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಒಂದು ನಿವೇಶನವನ್ನು 3.12 ಕೋಟಿಗೆ ಹರಾಜು ಹಾಕಿ, ಆಮೇಲೆ ಕೊಂಡವರ 78 ಲಕ್ಷ ಮುಂಗಡವನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ಅದೇ ನಿವೇಶನ ಮತ್ತೆ ಹರಾಜಾದಾಗ 11.78 ಕೋಟಿ ಬಂತು. ನಿಮಗೆ ನಷ್ಟವೇ ಆಗಿಲ್ಲ, ದುಡ್ಡು ವಾಪಸ್ ಕೊಡಿ ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ತಪ್ಪು ಕೊಂಡವರದ್ದಾಗಿರಲಿಲ್ಲ ಅನ್ನೋದು ನಿಜ, ಆದರೂ ನಷ್ಟ ಎಲ್ಲಿ ಅನ್ನೋ ಪ್ರಶ್ನೆ ಇಲ್ಲೂ ನಿಲ್ಲುತ್ತೆ. ಕಾಕಾನ ಗಾಡಿ ಒಂದೇ ವಾರದಲ್ಲಿ ಮತ್ತೆ ಹರಾಜಿಗೆ ಬಂದಿದೆ. ಕಂಪನಿಗೆ ಆದ ನಷ್ಟ ಒಂದು ವಾರದ ಪಾರ್ಕಿಂಗು. ಅದಕ್ಕೆ 20,000?

'ಷರತ್ತು ಓದಬೇಕಿತ್ತು' ಅನ್ನೋರಿಗೂ ಉತ್ತರ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನ್ಯಾಯದ ಒಪ್ಪಂದ' ಅಂತಲೇ ಒಂದು ವ್ಯಾಖ್ಯೆ ಕೊಟ್ಟಿದೆ. ಆದ ನಷ್ಟಕ್ಕೆ ತಾಳೆಯೇ ಇಲ್ಲದ ದಂಡ ಹಾಕೋದು ಅದರಲ್ಲಿ ಬರುತ್ತೆ, ಸಕಾರಣವಿಲ್ಲದೆ ಒಬ್ಬರೇ ಒಪ್ಪಂದ ಮುರಿಯುವ ಹಕ್ಕು ಇಟ್ಟುಕೊಳ್ಳೋದೂ ಬರುತ್ತೆ. ಹೊಟ್ಟೆಪಾಡಿನ ಸ್ವಂತ ದುಡಿಮೆಗೆ ಗಾಡಿ ಕೊಳ್ಳುವವನೂ ಈ ಕಾಯ್ದೆಯಲ್ಲಿ ಗ್ರಾಹಕನೇ. ಆದರೆ ಅನ್ಯಾಯದ ಒಪ್ಪಂದದ ದೂರನ್ನು ಜಿಲ್ಲಾ ಆಯೋಗ ಕೇಳುವ ಹಾಗಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಹಕ್ಕು ಕೊಟ್ಟು ಅಟ್ಟದ ಮೇಲೆ ಇಟ್ಟ ಹಾಗೆ.

ಹಾಗಾದರೆ ಏನಾಗಬೇಕು? ಮೂರು ಮಾತು.

ಒಂದು, ಹಿಂದಿನ ಬಿಡ್‌ಗಿಂತ ಹತ್ತು ಪಟ್ಟು ಅಂಕಿ ಬಂದರೆ 'ಖಾತ್ರಿ ಇದೆಯಾ?' ಅಂತ ಆ್ಯಪ್ ಅಕ್ಷರದಲ್ಲಿ ಕೇಳಬೇಕು, ಹರಾಜು ಮುಗಿಯುವ ತನಕ ಹಿಂದೆ ತಗೊಳ್ಳುವ ಬಟನ್ ಇರಬೇಕು. ಈ ಕೋಡ್ ಬರೆಯಲು ಎಷ್ಟು ಹೊತ್ತು ಬೇಕು ಅಂತ ಓದುಗರಲ್ಲಿ ಅರ್ಧ ಜನಕ್ಕೆ ಗೊತ್ತು. ಹಾವೇರಿಯ ದನದ ಸಂತೆಗೆ ಹೋಗಿ ನೋಡಿ. ದಲಾಲರು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡ್ತಾರೆ. ಬೆರಳು ಗೊಂದಲ ಆದರೆ 'ಸಾವಿರೋ, ಹತ್ತು ಸಾವಿರೋ?' ಅಂತ ಇನ್ನೊಮ್ಮೆ ಒತ್ತಿ ಕೇಳ್ತಾರೆ. ಟವೆಲ್ಲಿಗೆ ಇರುವ ಬುದ್ಧಿ ಆ್ಯಪ್‌ಗೆ ಬೇಡವೇ?

ಎರಡು, ಮಾರುವವರಿಗೆ 'ಒಪ್ಪಲ್ಲ' ಅನ್ನುವ ಹಕ್ಕು ಬೇಕಿದ್ದರೆ ಅದನ್ನು ಮೊದಲೇ, ದೊಡ್ಡ ಅಕ್ಷರದಲ್ಲಿ ಹೇಳಲಿ. ನಮ್ಮ ಎಪಿಎಂಸಿ ಟೆಂಡರಿನಲ್ಲಿ ರೈತನಿಗೆ ರೇಟು ಬೇಡ ಅನ್ನಿಸಿದರೆ ಮಾಲು ಕೊಡದೇ ಇರಬಹುದು. ಅದು ಖರೀದಿದಾರರಿಗೂ ಮೊದಲೇ ಗೊತ್ತು, ಹಾಗಾಗಿ ಮೋಸ ಅಲ್ಲ. ದುಡ್ಡು ಕಟ್ಟಿಸಿಕೊಂಡು, ಕನ್ಫರ್ಮ್ ಮಾಡಿ, ಮರುದಿನ ಬೆಳಿಗ್ಗೆ ನೆನಪಾದರೆ ಅದಕ್ಕೆ ಬೆಲೆ ತೆರಬೇಕು.

ಮೂರು, ಆ ಬೆಲೆ ಎಷ್ಟು? ನಮ್ಮಿಂದ ಕಿತ್ತುಕೊಳ್ಳುವಷ್ಟೇ. ಇದೇನೂ ನನ್ನ ಹೊಸ ಸಿದ್ಧಾಂತ ಅಲ್ಲ. 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದರ ಬೀಜ ಇದೆ: ತಾವೇ ಆರ್ಡರ್ ರದ್ದು ಮಾಡಿದಾಗ ಅಂಥದ್ದೇ ಶುಲ್ಕ ತಾವೂ ಹೊರದಿದ್ದರೆ, ಗ್ರಾಹಕ ರದ್ದು ಮಾಡಿದಾಗ ಶುಲ್ಕ ಹಾಕುವ ಹಾಗಿಲ್ಲ. ಅದನ್ನು ಹರಾಜಿನ ಠೇವಣಿಗೂ ಸ್ಪಷ್ಟವಾಗಿ ಹಚ್ಚಿ ಅಂತಷ್ಟೇ ನಾನು ಕೇಳೋದು. ಒಂದು ಟೈಪಿಂಗ್ ತಪ್ಪಿಗೆ ಸ್ಟಾರ್ಟಪ್ ಮುಳುಗಲಿ ಅಂತ ಯಾರೂ ಹೇಳ್ತಿಲ್ಲ. ತಪ್ಪಾದ ರೇಟಿಗೆ ಗಾಡಿ ಬೇಡ. ತಪ್ಪಿಗೆ ಹಾಕುವ ದಂಡ ಎರಡೂ ಕಡೆ ಒಂದೇ ಇರಲಿ.

ನಾನು ಅವರಿಗೆ ಇದನ್ನೇ ಬರೆದೆ. 'ನಿಮ್ಮ ತಪ್ಪನ್ನು ನಾನು ಮನ್ನಿಸಿದ್ದೇನೆ, ನಮ್ಮದನ್ನು ನೀವು ಮನ್ನಿಸಿ, 20,000 ಮರಳಿಸಿ' ಅಂತ. ಮೂರು ವಾರದ ನಂತರ ಉತ್ತರ ಬಂತು: ಸದ್ಭಾವನೆಯ ದ್ಯೋತಕವಾಗಿ ಮುಂದಿನ ಹರಾಜಿಗೆ 500 ರೂಪಾಯಿಯ ಕೂಪನ್. ಅವಧಿ ಮೂವತ್ತು ದಿನ.

ಕಾಕಾ ಗಾಡಿ ತಗೊಂಡರು. ರಟ್ಟೀಹಳ್ಳಿಯ ಕಡೆ ಪರಿಚಯದವರ ಹತ್ತಿರ, 1,90,000ಕ್ಕೆ. ಮೊದಲು ಮಾರುವವರು ಬಾಯಿತಪ್ಪಿ 'ಒಂದು ಅರವತ್ತು' ಅಂದಿದ್ದರಂತೆ. ಕಾಕಾ "ಅಣ್ಣಾ, ಇನ್ನೊಮ್ಮೆ ವಿಚಾರ ಮಾಡಿ ಹೇಳ್ರಿ" ಅಂದರಂತೆ. ನನಗಿದು ಕೇಳಿ ಸಿಟ್ಟೇ ಬಂತು, 30,000 ಸುಮ್ಮನೆ ಹೋಯ್ತಲ್ಲ ಕಾಕಾ ಅಂದೆ.

"ನಾಳೆ ಬಸ್‌ಸ್ಟ್ಯಾಂಡಿನಾಗ ಅವ ಎದುರಿಗೆ ಬರ್ತಾನಲ್ಲೋ" ಅಂದರು.

ಆ್ಯಪ್‌ನವರು ಯಾವ ಬಸ್‌ಸ್ಟ್ಯಾಂಡಿನಲ್ಲೂ ಎದುರಿಗೆ ಬರಲ್ಲ. ಅದಕ್ಕೇ ಅವರಿಗೆ ಕಾನೂನು ಬೇಕು.