ಏಪ್ರಿಲ್‌ನಲ್ಲಿ ವಿಷ ಎರಚುವವರಿಗೆ

ಏಪ್ರಿಲ್‌ನ ಮೊದಲ ಬಿಸಿಲಿನ ಶನಿವಾರ ಬಂತೆಂದರೆ ಸಾಕು, ಇಲ್ಲಿ ನ್ಯೂ ಜೆರ್ಸಿಯಲ್ಲಿ ದೊಡ್ಡ ಅಂಗಡಿಗಳ ಮುಂದೆ 'ವೀಡ್ ಅಂಡ್ ಫೀಡ್' ಚೀಲಗಳ ಗುಡ್ಡೆ ಬೀಳುತ್ತದೆ. ಕಳೆಯೂ ಸಾಯುತ್ತದೆ, ಹುಲ್ಲೂ ಬೆಳೆಯುತ್ತದೆ, ಎರಡಕ್ಕೂ ಒಂದೇ ಚೀಲ! ಕಾರಿನ ಡಿಕ್ಕಿಯಲ್ಲಿ ನಾಲ್ಕು ಚೀಲ ತುಂಬಿಕೊಂಡು ಬಂದು, ಸ್ಪ್ರೆಡರ್‌ಗೆ ಸುರಿದು, ಅರ್ಧ ಗಂಟೆ ಅತ್ತಿಂದಿತ್ತ ತಳ್ಳಿದರೆ ಆ ವರ್ಷದ ಧರ್ಮಕಾರ್ಯ ಮುಗಿಯಿತು ಅಂತ ನಮ್ಮವರ ಲೆಕ್ಕ. ನನ್ನ ಪ್ರಕಾರ ಆ ನಾಲ್ಕು ಚೀಲದಲ್ಲಿ ಹೆಚ್ಚಿನದು ದುಡ್ಡಿಗೆ ದಂಡ, ಮಣ್ಣಿಗೆ ವಿಷ. ಕಳೆಗೆ ಅದರಿಂದ ದೊಡ್ಡ ತೊಂದರೆಯೇನೂ ಇಲ್ಲ.

ಹೀಗಂದ ತಕ್ಷಣ ನನ್ನನ್ನು 'ಆರ್ಗಾನಿಕ್ ಪಾರ್ಟಿ'ಗೆ ಸೇರಿಸಿಬಿಡಬೇಡಿ. ಕಳೆನಾಶಕ ಮುಟ್ಟಲೇಬಾರದು ಅಂತ ನಾನು ಹೇಳುತ್ತಿಲ್ಲ. ಹೊಡೆಯುವುದಾದರೆ ಹೊತ್ತು ನೋಡಿ ಹೊಡೆಯಿರಿ, ಯಾವ ಕಳೆ ಅಂತ ಗುರುತು ಹಿಡಿದು ಹೊಡೆಯಿರಿ, ಅದು ಆಗದಿದ್ದರೆ ಸುಮ್ಮನಿರಿ ಅನ್ನುವುದಷ್ಟೇ ನನ್ನ ವಾದ.

ನನಗೆ ಬೇಜಾರಾಗುವುದು ಏನಂದರೆ, ಇಲ್ಲಿ ಚೀಲ ಎರಚುವ ನಮ್ಮವರಲ್ಲಿ ಅರ್ಧಕ್ಕರ್ಧ ಜನ ಒಕ್ಕಲು ಮನೆತನದವರು. ಇವರ ಅಪ್ಪ, ತಾತ ಎಲ್ಲ ರೋಹಿಣಿ ಮಳೆ ಬಿತ್ತಾ, ಮೃಗಶಿರ ಹಿಡಿಯಿತಾ, ಮಣ್ಣು ಹದಕ್ಕೆ ಬಂತಾ ಅಂತ ನೋಡಿ ಕೂರಿಗೆ ಕಟ್ಟಿದವರು. ಅದೇ ವಂಶದ ಕುಡಿ ಎಡಿಸನ್‌ನಲ್ಲಿ ಮನೆ ಕೊಂಡ ಕೂಡಲೇ ಚೀಲದ ಮೇಲೆ 'ಸ್ಟೆಪ್ ಒನ್, ಸ್ಟೆಪ್ ಟೂ' ಅಂತ ಬರೆದಿದ್ದನ್ನು ಪಂಚಾಂಗದ ಹಾಗೆ ನಂಬುತ್ತದೆ! ಮಣ್ಣಿಗೆ ಕೈ ಹಾಕಿ ನೋಡುವ ಅಭ್ಯಾಸ ವಿಮಾನ ಹತ್ತುವಾಗಲೇ ಬಿಟ್ಟುಹೋಯಿತೇನೋ.

ಮೊದಲು ಕ್ರ್ಯಾಬ್‌ಗ್ರಾಸ್ ವಿಷಯ. ಇದು ಒಂದೇ ವರ್ಷದ ಹುಲ್ಲು. ವಸಂತದಲ್ಲಿ ಬೀಜದಿಂದ ಹುಟ್ಟಿ, ಬೇಸಿಗೆಯಲ್ಲಿ ಏಡಿಯ ಕಾಲಿನ ಹಾಗೆ ಹರಡಿ, ಸಾವಿರಾರು ಬೀಜ ಉದುರಿಸಿ, ಮೊದಲ ಗಟ್ಟಿ ಹಿಮಕ್ಕೆ ತಾನೇ ಸಾಯುತ್ತದೆ. ಇದಕ್ಕೆ ಹಾಕುವುದು ಮೊಳಕೆಗೆ ಮುಂಚಿನ ಕಳೆನಾಶಕ: ಪೆಂಡಿಮೆಥಾಲಿನ್, ಪ್ರೋಡಿಯಮೈನ್, ಡೈಥಿಯೋಪೈರ್ ಇತ್ಯಾದಿ. ಇವು ಮಣ್ಣಿನ ಮೇಲ್ಪದರದಲ್ಲಿ ಒಂದು ತೆಳು ಪರದೆಯ ಹಾಗೆ ನಿಲ್ಲುತ್ತವೆ. ಬೀಜ ಮೊಳೆಯುತ್ತದೆ, ಆದರೆ ಬೇರಿನ ತುದಿಯಲ್ಲಿ ಜೀವಕೋಶಗಳು ಒಡೆದು ಎರಡಾಗುವುದು ನಿಂತುಹೋಗಿ ಸಸಿ ಅಲ್ಲೇ ಸಾಯುತ್ತದೆ. ಆಗಲೇ ಬೇರು ಬಿಟ್ಟು ನಿಂತ ಗಿಡಕ್ಕೆ ಇದರಿಂದ ಏನೂ ಆಗುವುದಿಲ್ಲ (ಡೈಥಿಯೋಪೈರ್ ಮಾತ್ರ ತೀರಾ ಎಳೆಯ ಸಸಿಯನ್ನೂ ಹಿಡಿಯುತ್ತದೆ). ನಮ್ಮೂರ ಕಡೆ ಈರುಳ್ಳಿ, ಶೇಂಗಾ ಬೆಳೆಯುವವರನ್ನು ಕೇಳಿ ನೋಡಿ, ಪೆಂಡಿಮೆಥಾಲಿನ್ ಅವರಿಗೆ ಹೊಸದಲ್ಲ. ಬಿತ್ತಿದ ಮೂರು ದಿನದೊಳಗೆ, ನೆಲ ಹಸಿಯಿರುವಾಗಲೇ ಹೊಡೆಯಬೇಕು ಅಂತ ಅವರಿಗೆ ಗೊತ್ತು. ಗೊತ್ತಿಲ್ಲದಿರುವುದು ನಮಗೆ, ಸಾಫ್ಟ್‌ವೇರ್ ಬರೆಯುವ ಜಾಣರಿಗೆ.

ಹಾಗಾದರೆ ಯಾವಾಗ ಹಾಕಬೇಕು? ಕ್ಯಾಲೆಂಡರ್ ಹೇಳುವುದಿಲ್ಲ, ಮಣ್ಣು ಹೇಳುತ್ತದೆ. ಮೇಲ್ಮಣ್ಣಿನ ಉಷ್ಣತೆ ನಾಲ್ಕೈದು ದಿನ ಸತತವಾಗಿ 55 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 13 ಸೆಲ್ಸಿಯಸ್) ಮುಟ್ಟಿದರೆ ಕ್ರ್ಯಾಬ್‌ಗ್ರಾಸ್ ಮೊಳೆಯಲು ಶುರು. ಅದಕ್ಕೆ ಸ್ವಲ್ಪ ಮುಂಚೆ ಪರದೆ ಸಿದ್ಧವಿರಬೇಕು. ಥರ್ಮಾಮೀಟರ್ ಇಲ್ಲವೇ? ಬೀದಿಯಲ್ಲಿ ಹಳದಿ ಹೂವಿನ ಫೋರ್ಸಿತಿಯಾ ಪೊದೆ ಇರುತ್ತದಲ್ಲ, ಅದನ್ನು ನೋಡಿ. ಹೂ ಪೂರ್ತಿ ಅರಳಿ ಉದುರಲು ಶುರುವಾಗುವ ಹೊತ್ತೇ ಸರಿಯಾದ ಹೊತ್ತು. ಇಲ್ಲಿಯವರ ರೋಹಿಣಿ ನಕ್ಷತ್ರ ಅಂದರೆ ಅದೇ ಅಂದುಕೊಳ್ಳಿ. ಒಂದು ವರ್ಷ ಅದು ಏಪ್ರಿಲ್ ಶುರುವಿನಲ್ಲೇ ಬರಬಹುದು, ಇನ್ನೊಂದು ವರ್ಷ ತಿಂಗಳ ಕೊನೆಗೆ. ಜೂನ್‌ನಲ್ಲಿ ಕ್ರ್ಯಾಬ್‌ಗ್ರಾಸ್ ಕಣ್ಣಿಗೆ ಕಂಡಮೇಲೆ ಈ ಚೀಲ ತಂದು ಹಾಕುವುದು ಮದುವೆ ಮುಗಿದಮೇಲೆ ಚಪ್ಪರ ಹಾಕಿದ ಹಾಗೆ. ಆಗಸ್ಟ್ ಕೊನೆಯಲ್ಲಿ ಹೊಡೆಯುವವರಿದ್ದಾರೆ, ಇನ್ನು ಸ್ವಲ್ಪ ದಿನದಲ್ಲಿ ತಾನೇ ಸಾಯುವ ಗಿಡಕ್ಕೆ ವಿಷ! ಬೀಜವಂತೂ ಅಷ್ಟರಲ್ಲಿ ಉದುರಿರುತ್ತದೆ.

ಇನ್ನೊಂದು ತಮಾಷೆ. ಏಪ್ರಿಲ್‌ನಲ್ಲಿ ಈ ಔಷಧಿ ಹಾಕಿ, ಮುಂದಿನ ವಾರ ಹುಲ್ಲಿನ ಬೀಜ ಚೆಲ್ಲಿ, "ಬೀಜ ಸರಿ ಇಲ್ಲ ಕಣ್ರೀ, ಒಂದೂ ಹುಟ್ಟಲಿಲ್ಲ" ಅಂತ ಪಾಟ್‌ಲಕ್‌ನಲ್ಲಿ ಕೂತು ಅಂಗಡಿಯವನನ್ನು ಬೈಯುತ್ತಾರೆ. ಸ್ವಾಮಿ, ಮೊಳಕೆ ಕೊಲ್ಲುವ ಮದ್ದಿಗೆ ನಿಮ್ಮ ಬೀಜ ಯಾವುದು, ಕಳೆಯ ಬೀಜ ಯಾವುದು ಅಂತ ಹೇಗೆ ಗೊತ್ತಾಗಬೇಕು? (ಮೀಸೋಟ್ರಯೋನ್ ಅಂತ ಒಂದಿದೆ, ಅದು ಕೆಲವು ಹುಲ್ಲಿನ ಬೀಜಕ್ಕೆ ತೊಂದರೆ ಮಾಡುವುದಿಲ್ಲ. ಆದರೆ ಅದನ್ನು ಓದಿ ತರುವವರು ಎಷ್ಟು ಜನ?)

ಈಗ ಆ ಜೋಡಿ ಚೀಲಕ್ಕೆ ಬರೋಣ. ಅಗಲ ಎಲೆಯ ಕಳೆ, ಅಂದರೆ ಡ್ಯಾಂಡಿಲಯನ್, ಪ್ಲಾಂಟೇನ್, ಕ್ಲೋವರ್ ಇವಕ್ಕೆ ಹಾಕುವ 2,4-ಡಿ, ಮೆಕೊಪ್ರಾಪ್, ಡೈಕಾಂಬಾ ಮುಖ್ಯವಾಗಿ ಎಲೆಯ ಮೂಲಕ ಕೆಲಸ ಮಾಡಬೇಕು. ಹರಳಿನ ರೂಪದಲ್ಲಿ ಹಾಕಿದರೆ ಎಲೆ ಒದ್ದೆಯಿರುವಾಗ ಅಂಟಿಕೊಂಡು, ಒಂದು ದಿನವಾದರೂ ಮಳೆ, ನೀರು ಬೀಳದೆ ಅಲ್ಲೇ ಇರಬೇಕು. ಗೊಬ್ಬರವೋ, ಮೊಳಕೆಗೆ ಮುಂಚಿನ ಮದ್ದೋ, ನೀರು ಬಿದ್ದು ಮಣ್ಣಿಗೆ ಇಳಿದರೇ ಕೆಲಸ. ಅರ್ಧ ಇಂಚು ನೀರಾದರೂ ಬೇಕು. ಒಂದಕ್ಕೆ ನೀರು ಬೇಡ, ಇನ್ನೊಂದಕ್ಕೆ ನೀರು ಬೇಕು! ನಮ್ಮವರು ಮಧ್ಯಾಹ್ನ ಒಣಗಿದ ಲಾನಿಗೆ ಎರಚುತ್ತಾರೆ. ಎಲೆಗೆ ಅಂಟದೆ ಹರಳುಗಳು ನೆಲಕ್ಕೆ ಬೀಳುತ್ತವೆ, ಒಂದಷ್ಟು ಡ್ರೈವ್‌ವೇ ಮೇಲೆ ಬಿದ್ದು ಮುಂದಿನ ಮಳೆಗೆ ಚರಂಡಿ ಸೇರಿ ಹಳ್ಳಕ್ಕೆ ಹೋಗುತ್ತವೆ. ಅದೂ ಅಲ್ಲದೆ, ಹತ್ತು ಡ್ಯಾಂಡಿಲಯನ್ ಇರುವ ಲಾನಿಗೆ ಮೂಲೆಮೂಲೆಗೂ ವಿಷ ಯಾಕೆ ಬೇಕು? ಅಂಗಳದಲ್ಲಿ ಒಂದು ಚೇಳು ಕಂಡರೆ ಊರಿಗೆಲ್ಲ ಬೆಂಕಿ ಹಚ್ಚುತ್ತಾರೆಯೇ?

ಹೊತ್ತಿನ ವಿಷಯಕ್ಕೆ ಬಂದರೆ ಇದು ಇನ್ನೂ ಮುಖ್ಯ. ಡ್ಯಾಂಡಿಲಯನ್ ಹಲವು ವರ್ಷ ಬಾಳುವ ಗಿಡ, ಮೂಲಂಗಿಯ ಹಾಗೆ ಉದ್ದ ಬೇರು. ವಸಂತದಲ್ಲಿ ಬೇರಿನಲ್ಲಿ ಕೂಡಿಟ್ಟ ಆಹಾರ ಮೇಲಕ್ಕೆ, ಎಲೆ ಮತ್ತು ಹೂವಿಗೆ ಹರಿಯುತ್ತಿರುತ್ತದೆ. ಆಗ ಎಲೆಗೆ ಹಾಕಿದ ಮದ್ದು ಬೇರಿನ ತುದಿಯವರೆಗೆ ಸರಿಯಾಗಿ ಇಳಿಯುವುದಿಲ್ಲ. ಮೇಲಿನ ಗಿಡ ಸುರುಟಿಕೊಳ್ಳುತ್ತದೆ, ನೀವು ಗೆದ್ದೆ ಅಂತ ಮೀಸೆ ತಿರುವುತ್ತೀರಿ, ಜುಲೈನಲ್ಲಿ ಅದೇ ಜಾಗದಲ್ಲಿ ಮತ್ತೆ ಚಿಗುರು. ಅದೇ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಗಿಡ ಚಳಿಗಾಲಕ್ಕೆ ತಯಾರಾಗಿ ಎಲೆಯಲ್ಲಿ ಮಾಡಿದ ಸಕ್ಕರೆಯನ್ನೆಲ್ಲ ಬೇರಿಗೆ ಇಳಿಸುತ್ತಿರುತ್ತದೆ. ಆಗ ಹಾಕಿದ ಮದ್ದನ್ನು ಗಿಡವೇ ಹೊತ್ತುಕೊಂಡು ಬೇರಿಗೆ ಮುಟ್ಟಿಸುತ್ತದೆ. ಒಂದು ಸಣ್ಣ ಬಾಟಲಿ, ಕಳೆ ಇದ್ದಲ್ಲಿ ಮಾತ್ರ, ಗಾಳಿ ಇಲ್ಲದ ಬೆಳಿಗ್ಗೆ, ಮಳೆ ಸೂಚನೆ ಇಲ್ಲದ ದಿನ. ಅಷ್ಟು ಸಾಕು. ಆ ಹೊತ್ತಿಗೆ ಟೊಮೆಟೊ, ಅವರೆ ಬಳ್ಳಿ ಎಲ್ಲ ಮುಗಿಯುತ್ತ ಬಂದಿರುತ್ತವೆ, ಜೇನೂ ಕಡಿಮೆ. ಇಷ್ಟೆಲ್ಲ ಅನುಕೂಲ ಇದ್ದರೂ ಅಕ್ಟೋಬರ್‌ನಲ್ಲಿ ಅಂಗಡಿ ಮುಂದೆ ಕುಂಬಳಕಾಯಿ ಗುಡ್ಡೆ ಹಾಕುತ್ತಾರೆಯೇ ಹೊರತು ಈ ಬಾಟಲಿ ಮುಂದೆ ಇಡುವುದಿಲ್ಲ. ಹಳದಿ ಹೂ ಕಂಡಾಗ ಹುಟ್ಟುವ ಸಿಟ್ಟು ಮೇ ತಿಂಗಳಿನದು, ವ್ಯಾಪಾರ ನಡೆಯುವುದು ಸಿಟ್ಟಿನ ಮೇಲೆ.

ಟೊಮೆಟೊ ಅಂದೆನಲ್ಲ, ಕಳೆದ ಬೇಸಿಗೆ ಪಕ್ಕದ ಮನೆಗೆ ಲಾನ್ ಸರ್ವಿಸ್‌ನವರು ಬಂದರು. ಯಾವ ಕಂಪನಿ ಅನ್ನುವುದು ಬೇಡ. ಮಧ್ಯಾಹ್ನ ಎರಡು ಗಂಟೆ, 90 ಡಿಗ್ರಿ ಬಿಸಿಲು, ಗಾಳಿ ಬೇರೆ. ಹುಡುಗ ಕಿವಿಗೆ ಹಾಡು ಸಿಕ್ಕಿಸಿಕೊಂಡು ಲಾನೆಲ್ಲ ಹೊಡೆದು, ಪುಟ್ಟ ಬಾವುಟ ಚುಚ್ಚಿ ಹೊರಟ. ನಾಲ್ಕು ದಿನದಲ್ಲಿ ನಮ್ಮ ಬೇಲಿ ಪಕ್ಕದ ಟೊಮೆಟೊ ಎಲೆಗಳೆಲ್ಲ ತಿರುಚಿಕೊಂಡು ಹಗ್ಗದ ಹಾಗಾದವು. ಫೋನ್ ಮಾಡಿದರೆ "ನಿಮ್ಮ ಗಿಡಕ್ಕೆ ರೋಗ ಇರಬೇಕು" ಅನ್ನುವ ಉತ್ತರ. 2,4-ಡಿಗೆ, ಡೈಕಾಂಬಾಕ್ಕೆ ಟೊಮೆಟೊ, ದ್ರಾಕ್ಷಿಯಷ್ಟು ಬೇಗ ನಲುಗುವ ಗಿಡಗಳು ಕಡಿಮೆ. 85 ಡಿಗ್ರಿ ದಾಟಿದ ಬಿಸಿಲಿನಲ್ಲಿ ಇವುಗಳ ಕೆಲವು ರೂಪಗಳು ಆವಿಯಾಗಿ ಹಾರುತ್ತವೆ. ಬಿಸಿಲಲ್ಲಿ, ಗಾಳಿಯಲ್ಲಿ ಹೊಡೆಯಬೇಡಿ ಅಂತ ಲೇಬಲ್‌ನಲ್ಲೇ ಬರೆದಿರುತ್ತದೆ. ಇಲ್ಲಿ ಲೇಬಲ್ ಅಂದರೆ ಕಾನೂನು, ಸಲಹೆಯಲ್ಲ. ಆದರೆ ವರ್ಷಕ್ಕೆ ಇಷ್ಟು ಸುತ್ತು ಅಂತ ದುಡ್ಡು ಮುಂಗಡ ತೆಗೆದುಕೊಂಡವನಿಗೆ ಅವತ್ತಿನ ಬಿಸಿಲು, ಗಾಳಿ ನೋಡುವ ವ್ಯವಧಾನ ಎಲ್ಲಿಂದ ಬರಬೇಕು?

"ಅಷ್ಟೊಂದು ಅಪಾಯ ಇದ್ದರೆ ಸರ್ಕಾರ ಮಾರಲು ಬಿಡುತ್ತಿತ್ತಾ?" ಅಂತ ಕೇಳುವವರಿಗೆ ಎರಡು ಮೂರು ಕತೆ ಹೇಳುತ್ತೇನೆ. ಕ್ಲೋಪಿರಾಲಿಡ್ ಅನ್ನುವ ಕಳೆನಾಶಕ ಕೊಯ್ದ ಹುಲ್ಲಿನ ಜೊತೆ ಕಾಂಪೋಸ್ಟ್ ಸೇರಿ, ಕಾಂಪೋಸ್ಟ್ ಆದಮೇಲೂ ಸಾಯದೆ, ವಾಷಿಂಗ್ಟನ್ ರಾಜ್ಯದಲ್ಲಿ ಜನರ ಟೊಮೆಟೊ, ಹುರುಳಿಕಾಯಿ ಗಿಡಗಳನ್ನು ಹಾಳು ಮಾಡಿತ್ತು. 2002ರಲ್ಲಿ ಕಂಪನಿಯೇ ಮನೆ ಲಾನುಗಳ ಬಳಕೆಯನ್ನು ಲೇಬಲ್‌ನಿಂದ ತೆಗೆಯಿತು. 2010ರಲ್ಲಿ ಡ್ಯೂಪಾಂಟ್‌ನ ಇಂಪ್ರೆಲಿಸ್ ಬಂತು, ಹೊಸದು, ಬಹಳ ಸುರಕ್ಷಿತ ಅಂತ. 2011ರ ಬೇಸಿಗೆಯಲ್ಲಿ ಲಾನಿನ ಅಂಚಿನ ಸ್ಪ್ರೂಸ್, ಪೈನ್ ಮರಗಳು ಕಂದು ತಿರುಗಿ ಸತ್ತವು, ಆಗಸ್ಟ್‌ನಲ್ಲಿ ಇಪಿಎ ಮಾರಾಟ ನಿಲ್ಲಿಸಿತು. ಹಿಂದೆ ದಶಕಗಳ ಕಾಲ ಲಾನಿನ ಕ್ರ್ಯಾಬ್‌ಗ್ರಾಸ್‌ಗೆ ಬಳಸುತ್ತಿದ್ದ ಡಿಸಿಪಿಎ ಗರ್ಭದ ಶಿಶುವಿನ ಥೈರಾಯ್ಡ್‌ಗೆ ಅಪಾಯ ಅಂತ ಗೊತ್ತಾಗಿ ಇಪಿಎ ಅದನ್ನು ತುರ್ತಾಗಿ ತಡೆದಿದ್ದು 2024ರ ಆಗಸ್ಟ್‌ನಲ್ಲಿ. ಮೂರೂ ಮೊದಲು ಅನುಮತಿ ಪಡೆದವೇ! 2,4-ಡಿ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ 'ಕ್ಯಾನ್ಸರ್ ತರುವ ಸಾಧ್ಯತೆ ಇದೆ' ಅನ್ನುವ ಗುಂಪಿಗೆ ಸೇರಿಸಿತು, ಇಪಿಎ ಅಷ್ಟು ಸಾಕ್ಷ್ಯವಿಲ್ಲ ಅನ್ನುತ್ತದೆ. ಈ ಜಗಳ ಬಗೆಹರಿಸುವ ಯೋಗ್ಯತೆ ನನಗಿಲ್ಲ. ಆದರೆ ಮಕ್ಕಳು ಬರಿಗಾಲಲ್ಲಿ ಓಡುವ ಜಾಗಕ್ಕೆ, ಕೆಲಸವೇ ಮಾಡದ ಹೊತ್ತಿನಲ್ಲಿ ಹಾಕುವುದಕ್ಕೆ ಯಾವ ವಿಜ್ಞಾನದ ಬೆಂಬಲವೂ ಇಲ್ಲವಲ್ಲ. ಗಡಿಯಾಚೆ ನೋಡಿ: ಕೆನಡಾದ ಹಡ್ಸನ್ ಅನ್ನುವ ಪುಟ್ಟ ಊರು 1991ರಲ್ಲಿ ಚಂದಕ್ಕಾಗಿ ವಿಷ ಹೊಡೆಯುವುದನ್ನು ತಡೆಯಿತು, ಕಂಪನಿಗಳು ಕೋರ್ಟಿಗೆ ಹೋದವು, 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಊರಿನ ಪರ ತೀರ್ಪು ಕೊಟ್ಟಿತು. ಒಂಟಾರಿಯೋದಲ್ಲಿ 2009ರಿಂದ ಲಾನಿಗೆ ಈ ಮದ್ದುಗಳೇ ಇಲ್ಲ. ಟೊರೊಂಟೊದ ನಮ್ಮ ಕನ್ನಡಿಗರು ಸಂಸಾರ ಮಾಡಿಕೊಂಡು ಚೆನ್ನಾಗಿಯೇ ಇದ್ದಾರೆ.

ಕಳೆ ಅಂತ ಹೆಸರಿಟ್ಟವರು ಯಾರು ಅನ್ನುವುದೂ ನೋಡಬೇಕು. ಕ್ಲೋವರ್ ಒಂದು ಕಾಲದಲ್ಲಿ ಲಾನಿನ ಬೀಜದ ಮಿಶ್ರಣದಲ್ಲೇ ಇರುತ್ತಿತ್ತು, ಗಾಳಿಯ ಸಾರಜನಕವನ್ನು ಮಣ್ಣಿಗೆ ಕೊಡುವ ಗಿಡ ಅದು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ 2,4-ಡಿ ಬಂತು, ಅದು ಡ್ಯಾಂಡಿಲಯನ್ ಜೊತೆ ಕ್ಲೋವರನ್ನೂ ಕೊಂದಿತು. ಮದ್ದನ್ನು ಬದಲಿಸುವ ಬದಲು ಕ್ಲೋವರನ್ನೇ ಕಳೆ ಅಂತ ಕರೆದುಬಿಟ್ಟರು! ಸುಮ್ಮನೆ ಸಿಗುತ್ತಿದ್ದ ಗೊಬ್ಬರ ಹೋಯಿತು, ಚೀಲದ ಗೊಬ್ಬರ ಬಂತು. ಗರಿಕೆಯನ್ನೇ ತೆಗೆದುಕೊಳ್ಳಿ. ಟೆಕ್ಸಾಸ್‌ನಲ್ಲಿ ಬರ್ಮುಡಾ ಅಂತ ದುಡ್ಡು ಕೊಟ್ಟು ಹಾಸುತ್ತಾರೆ, ನಮ್ಮಲ್ಲಿ ಅದಕ್ಕೇ ವಿಷ ಹೊಡೆದು, ಚೌತಿಗೆ ಗಣಪನ ತಲೆ ಮೇಲೆ ಇಡಲು ಇಂಡಿಯನ್ ಸ್ಟೋರ್‌ನಲ್ಲಿ ಹುಡುಕುತ್ತೇವೆ. ಗೂಸ್‌ಗ್ರಾಸ್ ಅಂತ ಬೈಯುತ್ತಾರಲ್ಲ, ಅದು ರಾಗಿಯ ದಾಯಾದಿ, ತೆನೆ ನೋಡಿದರೇ ಗೊತ್ತಾಗುತ್ತದೆ. ಪರ್ಸ್‌ಲೇನ್ ಅಂದರೆ ನಮ್ಮ ಗೋಣಿ ಸೊಪ್ಪು, ಬೇಳೆ ಹಾಕಿ ಹುಳಿ ಮಾಡಿದರೆ ಅನ್ನಕ್ಕೂ ಆಯಿತು, ಮುದ್ದೆಗೂ ಆಯಿತು. (ಮದ್ದು ಬಿದ್ದ ಲಾನಿನದನ್ನು ಮಾತ್ರ ಕೀಳಬೇಡಿ!)

ಎದುರು ಪಕ್ಷದವರನ್ನೂ ಬಿಡುವಂತಿಲ್ಲ. ವಿನೆಗರ್, ಉಪ್ಪು, ಪಾತ್ರೆ ತೊಳೆಯುವ ಸೋಪು ಬೆರೆಸಿ ಹೊಡೆಯಿರಿ, 'ನೈಸರ್ಗಿಕ' ಅಂತ ವಾಟ್ಸಾಪ್‌ನಲ್ಲಿ ಹಂಚುವವರಿದ್ದಾರೆ. ಅಡುಗೆಮನೆಯ ವಿನೆಗರ್ ಎಲೆ ಸುಡುತ್ತದೆ ಅಷ್ಟೇ, ಬೇರಿನಿಂದ ಮತ್ತೆ ಬರುತ್ತದೆ, ಪಕ್ಕದ ಹುಲ್ಲೂ ಸುಡುತ್ತದೆ. ಉಪ್ಪು ಮಣ್ಣಿನಲ್ಲಿ ಉಳಿಯುತ್ತದೆ. ಚೌಳು ನೆಲ ಅಂದರೆ ಏನು ಅಂತ ನೀರಾವರಿ ಕಂಡ ನಮ್ಮ ಜನಕ್ಕೆ ಹೇಳಿಕೊಡಬೇಕೇ? ಜೇಕಿನ ಗಡ್ಡೆಗಂತೂ ಈ ಕಷಾಯ ಲೆಕ್ಕಕ್ಕೇ ಇಲ್ಲ. ಜೇಕು ಹುಲ್ಲೂ ಅಲ್ಲ, ಅಗಲ ಎಲೆಯೂ ಅಲ್ಲ. ಕಾಂಡ ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ಸಿಗುತ್ತದೆ. ಅದಕ್ಕೆ ಹ್ಯಾಲೋಸಲ್ಫ್ಯೂರಾನ್‌ನಂಥ ಬೇರೆಯೇ ಮದ್ದು, ಹೊಸ ಗಡ್ಡೆ ಕಟ್ಟುವ ಮುಂಚೆ, ಅಂದರೆ ಬೇಸಿಗೆಯ ಶುರುವಿನಲ್ಲೇ.

ಇಷ್ಟಕ್ಕೂ ಕಳೆ ಬರುವುದು ಹುಲ್ಲು ತೆಳ್ಳಗಾದಲ್ಲಿ. ತಲೆಗೆ ಮಿಷನ್ ಹಾಕಿಸಿದ ಹಾಗೆ ಒಂದೂವರೆ ಇಂಚಿಗೆ ಕತ್ತರಿಸುವ ಮನೆಗಳಲ್ಲೇ ಕ್ರ್ಯಾಬ್‌ಗ್ರಾಸ್ ಜಾಸ್ತಿ. ಮೂರು ಇಂಚು ಬಿಡಿ, ನೆರಳಿಗೆ ಅರ್ಧ ಬೀಜ ಮೇಲೇಳುವುದಿಲ್ಲ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಬೋಳಾದ ಕಡೆ ಬೀಜ ಹಾಕಿ. ಇದಕ್ಕೆಲ್ಲ ಯಾವ ಚೀಲವೂ ಬೇಡ, ಅದಕ್ಕೇ ಯಾರೂ ಇದರ ಜಾಹೀರಾತು ಕೊಡುವುದಿಲ್ಲ.

"ಎಲ್ಲ ಸರಿ, ಅಸೋಸಿಯೇಷನ್‌ನಿಂದ ಪತ್ರ ಬಂದರೆ? ಮನೆ ಮಾರುವಾಗ ಬೆಲೆ ಬಿದ್ದರೆ?" ಅಂತ ಸ್ನೇಹಿತರೊಬ್ಬರು ಕೇಳಿದರು. ಪತ್ರ ನಮಗೂ ಬಂತು, ಮೇ ತಿಂಗಳಲ್ಲಿ, ಡ್ಯಾಂಡಿಲಯನ್ ಫೋಟೋ ಸಮೇತ. ಹೂವನ್ನೆಲ್ಲ ಮೊವರ್‌ನಿಂದ ಕತ್ತರಿಸಿದೆ, ಮಳೆ ಬಂದ ಮಾರನೆಯ ದಿನ ಮಗಳು, ನಾನು ಕೂತು ಉದ್ದನೆಯ ಕಳೆಗೋಲಿನಿಂದ ಬೇರು ಸಮೇತ ಒಂದು ಬಕೆಟ್ ಕಿತ್ತೆವು, ಉಳಿದದ್ದಕ್ಕೆ ಅಕ್ಟೋಬರ್‌ನಲ್ಲಿ ಮದ್ದು ಹಾಕುತ್ತೇನೆ, ಈಗ ಹಾಕಿದರೆ ಯಾಕೆ ಪ್ರಯೋಜನವಿಲ್ಲ ಅಂತ ಒಂದು ಪುಟ ಬರೆದು ಕಳಿಸಿದೆ. ಇವತ್ತಿನವರೆಗೆ ಎರಡನೇ ಪತ್ರ ಬಂದಿಲ್ಲ. ಆ ಒಂದು ಪುಟ ಯಾರಿಗಾದರೂ ಬೇಕಿದ್ದರೆ ಕೆಳಗೆ ಹೇಳಿ, ಕಳಿಸುತ್ತೇನೆ. ಡಲ್ಲಾಸ್, ಹ್ಯೂಸ್ಟನ್ ಕಡೆಯವರಿಗೆ ಮಾತ್ರ ನನ್ನ ತಿಂಗಳ ಲೆಕ್ಕ ಹೊಂದುವುದಿಲ್ಲ, ನಿಮ್ಮದು ಗರಿಕೆಯ ನಾಡು, ವಸಂತವೂ ನಮಗಿಂತ ಮುಂಚೆ. ಅಲ್ಲಿಯ ಲೆಕ್ಕ ಗೊತ್ತಿದ್ದವರು ಬರೆಯಿರಿ.