ನೋವು ತಗ್ಗಿದರೆ ರೋಗ ಅಡಗುವುದಿಲ್ಲ

ತೀವ್ರ ಹೊಟ್ಟೆನೋವಿನಿಂದ ನಡುರಾತ್ರಿ ಆಸ್ಪತ್ರೆಗೆ ಬಂದವರು ನೋವು ತಗ್ಗಿಸುವ ಇಂಜೆಕ್ಷನ್ ಕೇಳಿದರೆ, ‘ಸರ್ಜನ್ ಬಂದು ನೋಡುವವರೆಗೆ ಕೊಡುವಂತಿಲ್ಲ’ ಎಂಬ ಉತ್ತರ ಇಂದಿಗೂ ಕೇಳಿಬರುತ್ತದೆ. ಶಸ್ತ್ರಚಿಕಿತ್ಸಾ ವಿಭಾಗದ ಕಿರಿಯ ವೈದ್ಯನಾದ ನನಗೆ ಹಿರಿಯರಿಂದ ದೊರೆತ ಮೊದಲ ಉಪದೇಶಗಳಲ್ಲಿ ಇದೂ ಒಂದು. ನೋವಿನೊಂದಿಗೆ ಅಪಾಯದ ಸೂಚನೆಗಳೂ ಮರೆಯಾಗಿ ರೋಗನಿರ್ಣಯ ಹಾದಿ ತಪ್ಪುತ್ತದೆ ಎಂಬುದು ಇದರ ಹಿಂದಿನ ತರ್ಕ. ಇದನ್ನು ಕೈಬಿಡಬೇಕಾದ ಕಾಲ ಎಂದೋ ಬಂದಿದೆ.

ಈ ಎಚ್ಚರಿಕೆ ಹುಟ್ಟಿದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಬ್ರಿಟನ್ನಿನ ಶಸ್ತ್ರವೈದ್ಯ ಝಾಕರಿ ಕೋಪ್ 1921ರಲ್ಲಿ ಪ್ರಕಟಿಸಿದ ಕೈಪಿಡಿ, ರೋಗನಿರ್ಣಯಕ್ಕೆ ಮುನ್ನ ಮಾರ್ಫಿನ್ ಬೇಡವೆಂದು ತಲೆಮಾರುಗಳಿಗೆ ಕಲಿಸಿತು. ಆಗ ಅಲ್ಟ್ರಾಸೌಂಡ್ ಆಗಲಿ, ಸಿಟಿ ಸ್ಕ್ಯಾನ್ ಆಗಲಿ ಇರಲಿಲ್ಲ. ಆದರೆ 1992ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾದ 100 ರೋಗಿಗಳ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಇಂತಹ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಮೀಕ್ಷೆ 2007ರಲ್ಲೂ, ಪರಿಷ್ಕರಣೆಯ ನಂತರ 2011ರಲ್ಲೂ ಹೇಳಿದ್ದು ಒಂದನ್ನೇ: ಮಾರ್ಫಿನ್‌ನಂತಹ ಔಷಧಿ ಕೊಟ್ಟುದರಿಂದ ತಪ್ಪು ನಿರ್ಣಯದ ಅಪಾಯ ಹೆಚ್ಚಲಿಲ್ಲ.

ದಿನನಿತ್ಯದ ಅನುಭವವೂ ಇದನ್ನೇ ಹೇಳುತ್ತದೆ. ನೋವಿನಿಂದ ಹೊರಳಾಡುವವರ ಹೊಟ್ಟೆಯನ್ನು ಮುಟ್ಟುವುದೇ ಕಷ್ಟ. ನೋವು ಹೊಕ್ಕುಳ ಸುತ್ತ ಆರಂಭವಾಗಿ ಬಲಭಾಗದ ಕೆಳಕ್ಕೆ ಇಳಿಯಿತೇ ಎಂದು ಕೇಳಿದರೆ ಉತ್ತರಿಸುವ ಸ್ಥಿತಿಯಲ್ಲಿ ಅವರಿರುವುದಿಲ್ಲ. ಅಪೆಂಡಿಸೈಟಿಸ್ ಪತ್ತೆಗೆ ಆ ಉತ್ತರವೇ ಮುಖ್ಯ ಸುಳಿವು. ನೋವು ತುಸು ತಗ್ಗಿದಾಗ ಭಯದ ಬಿಗಿತ ಸಡಿಲಗೊಂಡು, ನಿಜವಾಗಿ ನೋಯುವ ಜಾಗ ಕೈಗೆ ಸ್ಪಷ್ಟವಾಗುತ್ತದೆ.

ಹಾಗೆಂದು ಮನೆಯಲ್ಲೇ ಗುಳಿಗೆ ನುಂಗಿ ದಿನದೂಡಬಹುದೆಂದಲ್ಲ. ಆ ವಿಳಂಬ ಪ್ರಾಣಾಂತಿಕವಾದೀತು. ಆಸ್ಪತ್ರೆಯಲ್ಲಿ ಮೊದಲು ಪರೀಕ್ಷಿಸಿ, ಕಂಡದ್ದನ್ನು ಕೇಸ್ ಷೀಟಿನಲ್ಲಿ ಬರೆದು, ಔಷಧಿ ಕೊಟ್ಟು, ಮತ್ತೆ ಮತ್ತೆ ಪರೀಕ್ಷಿಸಬೇಕು. ನೋವು ಇಳಿಯಿತೆಂದು ಮನೆಗೆ ಕಳುಹಿಸುವುದು ಬೇರೆಯೇ ತಪ್ಪು.

ಇಷ್ಟು ತಿಳಿದಿದ್ದರೂ ಹಿಂಜರಿಕೆ ಏಕೆ? ಮಾದಕ ವಸ್ತುಗಳ ಕುರಿತ 1985ರ ಕಾಯ್ದೆ ಮಾರ್ಫಿನ್ ದಾಸ್ತಾನನ್ನು ದುಸ್ತರಗೊಳಿಸಿತ್ತು. 2014ರ ತಿದ್ದುಪಡಿ ಆ ತೊಡಕನ್ನು ಸಡಿಲಿಸಿತು. ಉಳಿದಿರುವುದು ಹಿರಿಯರ ಗದರಿಕೆಯ ಭಯ. ಆದ್ದರಿಂದ ಕಿರಿಯ ವೈದ್ಯರ ಧೈರ್ಯವನ್ನು ನೆಚ್ಚಿಕೊಳ್ಳದೆ, ಪ್ರತಿ ತುರ್ತು ಚಿಕಿತ್ಸಾ ಘಟಕವೂ ‘ಮೊದಲ ಪರೀಕ್ಷೆಯ ನಂತರ ನೋವು ನಿವಾರಕ ಕೊಡತಕ್ಕದ್ದು’ ಎಂದು ಲಿಖಿತ ನಿಯಮ ಮಾಡಬೇಕು. ಸರ್ಜನ್ ಬರುವುದು ತಡವಾದರೆ, ಅದರ ಬೆಲೆಯನ್ನು ರೋಗಿ ತೆರಬೇಕಾಗಿಲ್ಲ.